ಖಾಲಿ ಆಗ್ಯಾವ

ಕ್ಲೋರಿನ್ ಸೋರಿದ ದಿನ ಕರಿಮಡ್ಡಿ ತಾಲೂಕು ಆಸ್ಪತ್ರೆಯಲ್ಲಿ ಒಂದು ಹಾಸಿಗೆಯೂ ಉಳಿದಿರಲಿಲ್ಲ. ನದಿಯ ಎರಡೂ ದಡದ ಆಂಬುಲೆನ್ಸ್‌ಗಳನ್ನು ಅಲ್ಲಿಗೇ ಕಳಿಸಲಾಯಿತು. ಹನ್ನೊಂದು ಜನ ಗೇಟಿನ ಹೊರಗೆ ಸತ್ತರು. ತಪ್ಪು ಪದ ಬಳಸಿದ ಕಾರಣಕ್ಕೆ ನರ್ಸ್ ದೇವಮಣಿಯನ್ನು ಅಮಾನತಿನಲ್ಲಿ ಇಡಲಾಯಿತು.

ಆಂಬುಲೆನ್ಸ್‌ಗಳನ್ನು ಕಳಿಸಿದ್ದು ಮನುಷ್ಯರಲ್ಲ, ಆಲಿಕೆ. ಆಲಿಕೆ ಎಂದರೆ ವಾರ್ಡಿನ ಚಾವಣಿಗೆ ಅಂಟಿಸಿದ, ಜೋಳದ ರೊಟ್ಟಿಯಷ್ಟು ಅಗಲದ ಬೂದು ಬಿಲ್ಲೆ. ನಡುವೆ ಒಂದು ಸಣ್ಣ ದೀಪ. ಅದಕ್ಕಿದ್ದ ಕೆಲಸ ಕೇಳಿಸಿಕೊಳ್ಳುವುದು. ವಾರ್ಡಿನಲ್ಲಿ ಯಾರಾದರೂ ಹಾಸಿಗೆಯ ಮಾತೆತ್ತಿದರೆ ದೀಪ ಒಮ್ಮೆ ಮಿಟುಕುತ್ತಿತ್ತು. ‘ಆರನೇ ಬೆಡ್ಡಿನವರು ಮನೆಗೆ ಹೊಂಟರು’ ಎಂದು ಆಯಾ ಅಂದರೆ ಸಾಕು, ಆ ಜಿಲ್ಲೆಯ ಪ್ರತಿ ಆಂಬುಲೆನ್ಸಿನ ಪರದೆಯ ಮೇಲೆ ಒಂದು ಹಸಿರು ಚುಕ್ಕೆ ಹೆಚ್ಚಾಗುತ್ತಿತ್ತು.

ಮೊದಲು ಹೀಗಿರಲಿಲ್ಲ. ಈ ಶತಮಾನದ ಆರಂಭದ ದಶಕಗಳಲ್ಲಿ ಯಾವ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಉಳಿದಿವೆ ಎಂಬುದನ್ನು ಯಾರಾದರೂ ಕೂತು ಕಂಪ್ಯೂಟರಿಗೆ ತುಂಬಬೇಕಿತ್ತು. ವಿಪತ್ತಿನ ದಿನ ಆ ಕೈ ಯಾರದೋ ಎದೆಯನ್ನು ಒತ್ತುತ್ತಿರುತ್ತಿತ್ತು. ಪರದೆಯ ಮೇಲೆ ಬೆಳಗಿನ ಲೆಕ್ಕ, ವಾರ್ಡಿನಲ್ಲಿ ಸಂಜೆಯ ಸಾವು. ಮೈಸೂರಿನ ಭಾಷಾಯಂತ್ರ ವಿಜ್ಞಾನಿ ಡಾ. ಧಾತ್ರಿ ನಂಜುಂಡಪ್ಪ ಎಂಬಾಕೆಗೆ ಹೊಳೆದದ್ದು ಬಹಳ ಸರಳವಾದ ವಿಚಾರ: ನರ್ಸುಗಳಿಗೆ ಬರೆಯಲು ಪುರುಸೊತ್ತಿಲ್ಲ, ಆದರೆ ಮಾತಂತೂ ಆಡುತ್ತಾರೆ, ಆ ಮಾತನ್ನೇ ಲೆಕ್ಕಕ್ಕೆ ಹಿಡಿದರೇನು? ಮೂರು ಮಳೆಗಾಲ ಆಲಿಕೆ ಚೆನ್ನಾಗಿಯೇ ನಡೆಯಿತು. ಪ್ರವಾಹದಲ್ಲಿ, ಬಸ್ಸು ಉರುಳಿದಾಗ, ಅದು ತೋರಿಸಿದ ಕಡೆ ಹೋದವರಿಗೆ ನಿಜವಾಗಿಯೂ ಹಾಸಿಗೆ ಸಿಕ್ಕಿತು. ಬದುಕಿದವರು ಧಾತ್ರಿಗೆ ಪತ್ರ ಬರೆದರು. ಸರ್ಕಾರ ತುರ್ತು ಹಾಸಿಗೆ ಪ್ರಾಧಿಕಾರ ಎಂಬ ಹೊಸ ಇಲಾಖೆಯನ್ನೇ ಮಾಡಿತು. ಇಲಾಖೆ ಬಂದಮೇಲೆ ಅಧಿಕಾರಿಗಳು ಬಂದರು.

ಕರಿಮಡ್ಡಿಯಲ್ಲಿ ಆ ದಿನ ನಡೆದದ್ದು ಇಷ್ಟು. ಊರಾಚೆಯ ಬಣ್ಣದ ಕಾರ್ಖಾನೆಯ ಟ್ಯಾಂಕು ಒಡೆದು ಅನಿಲ ಕೂಲಿಕಾರರ ಓಣಿಗೆ ನುಗ್ಗಿತು. ಮಧ್ಯಾಹ್ನದೊಳಗೆ ಆಸ್ಪತ್ರೆ ತುಂಬಿತು. ಆಗ ದೇವಮಣಿ ವಾರ್ಡಿನ ನಡುವೆ ನಿಂತು ಅಂದಳು: ‘ಬೆಡ್ ಖಾಲಿ ಆಗ್ಯಾವ.’

ದೀಪ ಮಿಟುಕಿತು. ಆಂಬುಲೆನ್ಸಿನ ಪರದೆಗಳ ಮೇಲೆ ಕರಿಮಡ್ಡಿ ಹಸಿರಾಯಿತು, ಅದೂ ಪೂರ್ತಿ ಹಸಿರು.

ಒಂದು ಪದಕ್ಕೆ ಎರಡು ಅರ್ಥವಿದ್ದರೆ ಆಲಿಕೆ ತಾನು ಹಿಂದೆ ಕೇಳಿದ್ದನ್ನೆಲ್ಲ ತಕ್ಕಡಿಗೆ ಹಾಕಿ ನೋಡುತ್ತಿತ್ತು. ಯಾವ ಅರ್ಥ ಹೆಚ್ಚು ಸಲ ಕೇಳಿದೆಯೋ ಅದು ಭಾರ. ಇದನ್ನು ಅರ್ಥತೂಕ ಎನ್ನುತ್ತಿದ್ದರು. ಸಾಮಾನ್ಯ ದಿನಗಳಲ್ಲಿ ಯಾವ ವಾರ್ಡಿನಲ್ಲಾದರೂ ಬೆಡ್ ಖಾಲಿ ಆಯಿತೆಂದರೆ ರೋಗಿ ಎದ್ದುಹೋದ ಎಂದೇ ಅರ್ಥ. ತಕ್ಕಡಿ ಆ ಕಡೆಗೇ ವಾಲಿತು. ದಾರಿಯಲ್ಲಿ ಸೇತುವೆಯ ಪಕ್ಕದ ಸಣ್ಣ ಆಸ್ಪತ್ರೆಯಲ್ಲಿ ನಿಜಕ್ಕೂ ಹಾಸಿಗೆಗಳಿದ್ದವು. ಅವುಗಳನ್ನು ದಾಟಿ ಗಾಡಿಗಳೆಲ್ಲ ಕರಿಮಡ್ಡಿಗೆ ಬಂದವು.

ತಿಂಗಳಾದ ಮೇಲೆ ಧಾತ್ರಿಯನ್ನು ಕರಿಮಡ್ಡಿಗೆ ಕರೆಸಿಕೊಂಡದ್ದು ಪ್ರಾಧಿಕಾರದ ಉಪನಿರ್ದೇಶಕ ಅನಿಕೇತ ದೇಸಾಯಿ. ಸಭ್ಯ ಮನುಷ್ಯ. ಕುರ್ಚಿ ಎಳೆದುಕೊಟ್ಟು, ನೀರು ತರಿಸಿ, ಮೆತ್ತಗೆ ವಿಷಯಕ್ಕೆ ಬಂದರು. ಯಂತ್ರ ಸರಿಯಾಗಿತ್ತು, ಪದ ತಪ್ಪಾಗಿತ್ತು ಎಂದು ವಿಜ್ಞಾನಿಯಾಗಿ ಧಾತ್ರಿ ಒಂದು ಮಾತು ಹೇಳಿದರೆ ಆಲಿಕೆ ರಾಜ್ಯದ ಉಳಿದ ಜಿಲ್ಲೆಗಳಿಗೆ ಹೋಗುತ್ತದೆ. ಇಲ್ಲದಿದ್ದರೆ ಕಾರ್ಯಕ್ರಮವೇ ನಿಲ್ಲುತ್ತದೆ, ಮತ್ತೆ ಹಳೆಯ ಕಂಪ್ಯೂಟರು, ಹಳೆಯ ಲೆಕ್ಕ. ಅದರಿಂದ ಸಾಯುವವರು ಎಷ್ಟು ಜನವೋ, ಅದನ್ನೂ ನೀವೇ ಯೋಚಿಸಿ ಎಂದರು. ಆಮೇಲೆ ದೇವಮಣಿಯ ಧ್ವನಿಯನ್ನು ಹಾಕಿ ಕೇಳಿಸಿದರು.

‘ಬೆಡ್ ಖಾಲಿ ಆಗ್ಯಾವ.’

ಅಷ್ಟೇ. ಹಾಸಿಗೆಗೆ ಸಂಬಂಧಿಸಿದ ಮಾತನ್ನಷ್ಟೇ ಆಲಿಕೆ ಉಳಿಸಿಕೊಳ್ಳುತ್ತಿತ್ತು, ಹಿಂದಿನದೂ ಮುಂದಿನದೂ ಆ ಕ್ಷಣದಲ್ಲೇ ಅಳಿಸಿಹೋಗುತ್ತಿದ್ದವು. ರೋಗಿಗಳ ಗುಟ್ಟು ಕಾಪಾಡಲು ಹಾಗೆ ಮಾಡಲಾಗಿತ್ತು.

ಧಾತ್ರಿ ಮೊದಲ ಸಲ ಕೇಳಿದಾಗ ಹಾಸಿಗೆ ಮುಗಿದಿವೆ ಎಂದೇ ಕೇಳಿಸಿತು. ದೇಸಾಯಿ ಮತ್ತೊಮ್ಮೆ ಹಾಕಿದರು. ಈಗ ಹಾಸಿಗೆ ತೆರವಾಗಿವೆ ಎಂದು ಕೇಳಿಸಿತು. ಐದಾರು ಸಲ ಕೇಳಿದ ಮೇಲೆ ಅದು ಕನ್ನಡವೇ ಅಲ್ಲವೆನ್ನಿಸಿ, ಬಾಗಿಲ ಕೀಲು ಕಿರುಗುಟ್ಟಿದ ಹಾಗಾಯಿತು. ಆಕೆ ಚಹಾ ಕುಡಿದು ಬರುತ್ತೇನೆಂದು ಹೊರಗೆ ನಡೆದಳು.

ಗೇಟಿನ ಬಳಿ ತಿಪ್ಪವ್ವ ಕೂತಿದ್ದಳು. ಆಕೆಯ ಮಗ ಭೀಮರಾಯ ಆ ದಿನ ಇದೇ ಗೇಟಿನ ಹೊರಗೆ, ಆಂಬುಲೆನ್ಸಿನೊಳಗೆ ಸತ್ತಿದ್ದ. ಅಂದಿನಿಂದ ಆಕೆ ಬೆಳಿಗ್ಗೆ ಬಂದು ಕೂರುತ್ತಾಳೆ, ಒಳಗಿನಿಂದ ಯಾರು ಬಂದರೂ ಒಂದೇ ಪ್ರಶ್ನೆ ಕೇಳುತ್ತಾಳೆ. ಧಾತ್ರಿಯನ್ನೂ ಕೇಳಿದಳು, ಸಿಟ್ಟಿಲ್ಲದೆ, ಬಸ್ಸಿನ ಹೊತ್ತು ಕೇಳುವವಳ ಹಾಗೆ.

“ಅವತ್ತ ಒಳಗ ಹಾಸಗಿ ಇದ್ವೋ ಇದ್ದಿಲ್ಲೋ ಯವ್ವಾ? ಇದ್ವು ಅಂದ್ರ ನನ್ ಮಗನ್ನ ಯಾಕ ಒಳಗ ತಗೊಳ್ಳಿಲ್ಲ? ಇದ್ದಿಲ್ಲ ಅಂದ್ರ ಯಾಕ ಕರಸಿದ್ರಿ?”

ಧಾತ್ರಿ ವಿಚಾರಣೆ ನಡೀತಿದೆ ಅಂದಳು. ಅಂದ ಮೇಲೆ ಆ ಮಾತು ಬಾಯಲ್ಲಿ ಹುಳಿಯಾಯಿತು.

ಚಹಾದಂಗಡಿಯಲ್ಲಿ ಮೆಹಬೂಬ ಇದ್ದ. ಭೀಮರಾಯನನ್ನು ಕರೆತಂದ ಗಾಡಿಯ ಚಾಲಕ ಅವನೇ. ಅವನ ಕೈಯಲ್ಲಿ ಖಾಲಿ ಗ್ಲಾಸಿತ್ತು. ಧಾತ್ರಿ ಒಂದು ಚಹಾ ಕೇಳಿದಳು. ಖಾಲಿ ಆಗ್ಯಾದ್ರಿ, ಎಂದ ಅಂಗಡಿಯವನು. ಹಾಗಾದರೆ ಕೂತುಕೊಳ್ಳುತ್ತೇನೆ ಎಂದು ಆಕೆ ಸುತ್ತ ನೋಡಿದಳು. ಆ ಕುರ್ಚಿ ಖಾಲಿ ಅದ, ಕೂಡ್ರಿ, ಎಂದ ಅವನೇ. ಧಾತ್ರಿ ನಿಂತಲ್ಲೇ ನಿಂತಳು.

ಮೆಹಬೂಬನಿಗೆ ಆಕೆ ಯಾರೆಂಬುದು ಗೊತ್ತಿತ್ತು. ನಗುತ್ತಲೇ ಚುಚ್ಚಿದ.

“ಚಾ ಖಾಲಿ ಅಂದ್ರ ಚಾ ಇಲ್ಲ ಮೇಡಂ. ಕುರ್ಚಿ ಖಾಲಿ ಅಂದ್ರ ಕುರ್ಚಿ ಅದ. ನಮ್ಮ ಕೂಸಿಗಿ ಗೊತ್ತಾಗ್ತದ. ನಿಮ್ ಮಷೀನು ಎಷ್ಟನೇ ಕ್ಲಾಸ್ ಓದ್ಯಾದ?”

ಅಂಗಡಿಯಲ್ಲಿದ್ದವರು ನಕ್ಕರು. ಧಾತ್ರಿಯೂ ನಕ್ಕಳು, ಆದರೆ ಅವಳ ತಲೆಯೊಳಗೆ ಏನೋ ಸಿಕ್ಕಿಹಾಕಿಕೊಂಡಿತ್ತು. ಹಾಸಿಗೆ ಕುರ್ಚಿಯಂಥದೋ, ಚಹಾದಂಥದೋ? ಎಲ್ಲರಿಗೂ ಸಾಲುವಷ್ಟು ಇರುವ ದಿನ ಅದು ಕುರ್ಚಿ, ಒಬ್ಬ ಏಳುತ್ತಾನೆ, ಮತ್ತೊಬ್ಬ ಕೂರುತ್ತಾನೆ. ಸಾಲದ ದಿನ ಅದು ಚಹಾ, ಹಂಚಿ ಮುಗಿಯುತ್ತದೆ. ವಸ್ತು ಅದೇ, ಪದವೂ ಅದೇ. ವಿಪತ್ತು ಬಂದೊಡನೆ ಪದ ಮಗುಚಿ ಬೀಳುತ್ತದೆ. ಯಂತ್ರಕ್ಕೆ ಮಾತು ಕಲಿಸಿದ್ದು ಸಾಲುವ ದಿನಗಳ ವಾರ್ಡುಗಳಲ್ಲಿ, ಅದನ್ನು ಬಳಸುತ್ತಿದ್ದದ್ದು ಸಾಲದ ದಿನ. ಅರ್ಥತೂಕದ ಕಲ್ಲುಗಳೇ ಬೇರೆ ಸಂತೆಯವು.

ಅತಿಥಿಗೃಹಕ್ಕೆ ಹೋಗಿ ಆಕೆ ಒಂದು ದುರಸ್ತಿ ಮಾಡಿನೋಡಿದಳು. ಖಾಲಿ ಎಂಬ ಪದವೇ ಬೇಡ. ಮುಗಿದರೆ ನರ್ಸುಗಳು ‘ತೀರಿವೆ’ ಎನ್ನಲಿ ಎಂದು ಲ್ಯಾಪ್‌ಟಾಪಿನಲ್ಲಿದ್ದ ಆಲಿಕೆಯ ಪ್ರತಿಗೆ ಆ ಪದ ಸೇರಿಸಿದಳು. ಪರೀಕ್ಷೆಗೆಂದು ತಾನೇ ಗಟ್ಟಿಯಾಗಿ ‘ಹಾಸಿಗೆ ತೀರಿವೆ’ ಅಂದಳು. ಆಲಿಕೆ ಹಸಿರು ತೋರಿಸಿತು. ಯಾಕೆಂದು ಬಗೆದು ನೋಡಿದರೆ, ಅದು ವಾರ್ಡುಗಳಲ್ಲಿ ‘ತೀರಿಕೊಂಡರು’ ಎಂಬುದನ್ನು ಸಾವಿರಾರು ಸಲ ಕೇಳಿತ್ತು. ರೋಗಿ ತೀರಿಕೊಂಡರೆ ಹಾಸಿಗೆ ತೆರವು. ಧಾತ್ರಿ ಲ್ಯಾಪ್‌ಟಾಪ್ ಮುಚ್ಚಿ ಅದರ ಮೇಲೆ ಕೈಯಿಟ್ಟು ಕೂತಳು. ತನ್ನ ಭಾಷೆಯಲ್ಲಿ ವಸ್ತು ಮುಗಿಯುವುದಕ್ಕೂ ಮನುಷ್ಯ ಮುಗಿಯುವುದಕ್ಕೂ ಇಷ್ಟು ನಂಟಿದೆ ಎಂಬುದು ಈ ವಯಸ್ಸಿನವರೆಗೆ ಆಕೆಗೆ ತಟ್ಟಿರಲಿಲ್ಲ.

ಮರುದಿನ ದೇವಮಣಿಯ ಮನೆಗೆ ಹೋದಳು. ಸಿಬ್ಬಂದಿ ವಸತಿಯ ಕೊನೆಯ ಮನೆ. ತಿಂಗಳ ಕೊನೆಗೆ ಬಿಟ್ಟುಕೊಡಬೇಕೆಂದು ಹೇಳಿಯಾಗಿತ್ತು. ದೇವಮಣಿ ಐವತ್ತರ ಹತ್ತಿರದ ಹೆಂಗಸು. ಅನಿಲದಿಂದ ಕೆಂಪಾದ ಕಣ್ಣು ಇನ್ನೂ ತಿಳಿಯಾಗಿರಲಿಲ್ಲ. ಸಾಮಾನು ಕಟ್ಟಿ ಗೋಡೆಗೆ ಒರಗಿಸಿದ್ದಳು. ಧಾತ್ರಿ ಕೇಳಿದ್ದು ಒಂದೇ: ಆ ಮಾತು ಆಡಿದಾಗ ನಿಮ್ಮ ಮನಸ್ಸಿನಲ್ಲಿದ್ದ ಅರ್ಥ ಯಾವುದು?

ದೇವಮಣಿ ಒಂದು ಗಂಟಿನ ಹಗ್ಗವನ್ನು ಬಿಗಿ ಮಾಡಿದಳು. ಮೊದಮೊದಲು ಗೊತ್ತಿತ್ತು ಎಂದಳು. ವಿಚಾರಣೆಯವರು ಅದನ್ನು ಮತ್ತೆ ಮತ್ತೆ ಹಾಕಿ ಕೇಳಿಸಿದರು, ಒಬ್ಬರಾದ ಮೇಲೆ ಒಬ್ಬರು ಅದರರ್ಥ ಇದು ಎಂದು ಆಕೆಗೇ ವಿವರಿಸಿದರು. ಈಗ ಆಕೆಗೂ ಅದು ಬೇರೆ ಯಾರದೋ ಧ್ವನಿಯ ಹಾಗೆ ಕೇಳುತ್ತದೆ.

“ಒಮ್ಮೊಮ್ಮಿ ನಾನೇ ಸುಳ್ಳು ಹೇಳಿ ಮಂದೀನ ಕೊಂದ್ನೇನೋ ಅನಸ್ತದ ಮೇಡಂ. ಅವತ್ತ ಮೂರು ಮಂದಿ ಬೆಡ್ ಮ್ಯಾಲೇ ತೀರಿದ್ರು. ಆ ಬೆಡ್ ಖಾಲಿ ಅಂದ್ನೋ, ಇಲ್ಲಾ ಬೆಡ್ಡೇ ಇಲ್ಲ ಅಂದ್ನೋ. ನನ್ ಬಾಯಿ ನನಗ ತಿಳೀವಲ್ದು.”

“ಮೆಷೀನಿಗೆ ಹೇಳಿದ್ರಾ ಸಿಸ್ಟರ್?”

“ಮಷೀನಿಗಿ ಯಾಕ ಹೇಳ್ಲಿ? ಅದು ಅದ ಅನ್ನೂದೇ ನೆನಪಿದ್ದಿಲ್ಲ. ಸಿದ್ದಮ್ಮಗ ಹೇಳಿದ್ದು.” ಸಿದ್ದಮ್ಮ ಆ ವಾರ್ಡಿನ ಆಯಾ. ಸಿದ್ದಮ್ಮನಿಗೆ ಇನ್ನೇನು ಹೇಳಿದ್ದೆ ಎಂಬುದು ದೇವಮಣಿಗೆ ನೆನಪಾಗಲಿಲ್ಲ. ಅದನ್ನು ಯಾರೂ ಕೇಳಿಯೂ ಇರಲಿಲ್ಲ.

ಧಾತ್ರಿ ವಾರ್ಡಿಗೆ ಹೋದಳು. ತಾನು ಮಾಡಿದ ಬಿಲ್ಲೆಯ ಕೆಳಗೆ ಆಕೆ ಎಂದೂ ಒಂದು ಪೂರ್ತಿ ಮಧ್ಯಾಹ್ನ ಕಳೆದವಳಲ್ಲ. ಅಂದು ವಿಪತ್ತೇನೂ ಇರಲಿಲ್ಲ, ಬರೀ ಜ್ವರದ ಕಾಲ. ಹಾಸಿಗೆಗಳೆಲ್ಲ ತುಂಬಿದ್ದವು. ಹಾಸಿಗೆಗಳ ನಡುವೆ, ಕಿಟಕಿಯ ಕೆಳಗೆ, ಬಾಗಿಲ ಸಂದಿಯಲ್ಲಿ ಚಾಪೆಗಳಿದ್ದವು. ಚಾಪೆಯ ಮೇಲೆ ಜನರಿದ್ದರು, ಜನರ ಕೈಗೆ ಸಲೈನ್ ಇತ್ತು, ಸಲೈನ್ ಬಾಟಲಿ ಕಿಟಕಿಯ ಸರಳಿಗೆ ತೂಗುತ್ತಿತ್ತು. ಹೊಸ ರೋಗಿಯೊಬ್ಬನನ್ನು ಎತ್ತಿ ತಂದರು. ದೇವಮಣಿಯ ಬದಲಿಗೆ ಬಂದಿದ್ದ ಹುಡುಗಿ ನರ್ಸು ತಲೆಯೆತ್ತದೆ ಕೂಗಿದಳು: “ಸಿದ್ದಮ್ಮಾ, ಬೆಡ್ ಖಾಲಿ ಆಗ್ಯಾವ, ಚಾಪಿ ತಾ.”

ಎರಡೂ ಒಂದೇ ಉಸಿರಿನಲ್ಲಿ ಬಂದವು. ಸಿದ್ದಮ್ಮ ಖಾಲಿ ಎಂಬ ಪದಕ್ಕೇ ಎದ್ದು ಚಾಪೆಯ ಮೂಲೆಯತ್ತ ಹೊರಟಾಗಿತ್ತು. ಧಾತ್ರಿ ಚಾವಣಿ ನೋಡಿದಳು. ವಿಚಾರಣೆ ಮುಗಿಯುವವರೆಗೆ ಆಲಿಕೆಯ ಲೆಕ್ಕ ಆಂಬುಲೆನ್ಸ್‌ಗಳಿಗೆ ಹೋಗದಂತೆ ತಡೆಹಿಡಿದಿದ್ದರು, ಕಿವಿ ಮಾತ್ರ ತೆರೆದೇ ಇತ್ತು. ‘ಬೆಡ್ ಖಾಲಿ’ ಎಂಬಲ್ಲಿ ದೀಪ ಮಿಟುಕಿತು. ‘ಚಾಪಿ’ ಎಂಬಲ್ಲಿ ಮಿಟುಕಲಿಲ್ಲ.

ಆಕೆ ಸಿದ್ದಮ್ಮನ ಹಿಂದೆಯೇ ಹೋಗಿ, ಅನಿಲ ಸೋರಿದ ದಿನವೂ ದೇವಮಣಿ ಹೀಗೇ ಅಂದಿದ್ದಳೇ ಎಂದು ಕೇಳಿದಳು. ಸಿದ್ದಮ್ಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮತ್ತೆ ಹೆಂಗ ಅಂತಾರ್ರೀ, ಚಾಪಿ ತಾ ಅಂತ್ಲೇ ಅಂದ್ರು, ಇದ್ದ ಚಾಪಿ ಎಲ್ಲಾ ಹಾಸಿದೆ, ಆಮ್ಯಾಲ ಪರದೆ ಬಿಚ್ಚಿ ಹಾಸಿದೆ, ಎಂದು ಚಾಪೆ ಕೊಡವಿದಳು.

ಆಲಿಕೆಗೆ ಚಾಪೆ ಗೊತ್ತಿರಲಿಲ್ಲ. ಯಾಕೆ ಗೊತ್ತಿರಲಿಲ್ಲ ಎಂಬುದು ಧಾತ್ರಿಗೆ ಅಲ್ಲೇ ನಿಂತಂತೆ ನೆನಪಾಯಿತು. ಪ್ರಾಧಿಕಾರ ಬಂದ ಹೊಸತರಲ್ಲಿ ಯಂತ್ರದ ಪದಗಳನ್ನು ಪರಿಷ್ಕರಿಸಲು ಒಂದು ಸಭೆ ನಡೆದಿತ್ತು. ಸರ್ಕಾರಿ ಆಸ್ಪತ್ರೆಗಳಲ್ಲಿ ನೆಲದ ಮೇಲೆ ರೋಗಿಗಳಿಲ್ಲ ಎಂಬುದು ಸರ್ಕಾರದ ನಿಲುವು; ಇಲ್ಲದ ರೋಗಿಗೆ ಪದ ಯಾಕೆ ಎಂದು ಯಾರೋ ಕೇಳಿದ್ದರು. ಚಾಪೆ, ಜಮಖಾನೆ, ನೆಲ, ಮೂರೂ ಹೋದವು. ಅಳಿಸಿದ್ದು ಆಕೆಯೇ, ಆಗ ಅದು ಬೆರಳು ತಾಗಿಸಿದರೆ ಮುಗಿಯುವ ಕೆಲಸವಾಗಿತ್ತು.

ಧಾತ್ರಿಯ ಅಜ್ಜಿ, ಎರಡು ಸಾವಿರದ ಇಪ್ಪತ್ತರ ದಶಕದಲ್ಲಿ, ಯಾವುದೋ ಜ್ವರದಲ್ಲಿ ಇಂಥದೇ ಚಾಪೆಯ ಮೇಲೆ ಎಂಟು ದಿನ ಮಲಗಿದ್ದಳಂತೆ. ಆಚೀಚೆ ಓಡಾಡುವವರ ಚಪ್ಪಲಿಯ ಸದ್ದು ಕಿವಿಗೇ ಹೊಡೆಯುತ್ತಿತ್ತು ಎಂದು ಹೇಳುತ್ತಿದ್ದಳು. ಆಮೇಲೆ ಎಷ್ಟೆಲ್ಲ ಬದಲಾಯಿತು. ಆಂಬುಲೆನ್ಸ್ ತಾನೇ ದಾರಿ ಹುಡುಕಿತು, ಚಾವಣಿಗೆ ಕಿವಿ ಬಂತು. ಚಾಪೆ ಮಾತ್ರ ಅದೇ ಅಗಲ, ಅದೇ ಅಂಚು.

ಆಕೆ ಓಡುವ ಹಾಗೆ ದೇಸಾಯಿಯವರ ಬಳಿಗೆ ಹೋಗಿ ಎಲ್ಲ ಹೇಳಿದಳು. ಚಾಪೆ ಎಂಬ ಒಂದು ಪದ ಮರಳಿ ಸೇರಿಸಿದರೆ ಸಾಕು, ಗೊಂದಲ ತೀರುತ್ತದೆ. ಖಾಲಿಯ ಬೆನ್ನಿಗೇ ಚಾಪೆ ಬಂದರೆ ಹಾಸಿಗೆ ಮುಗಿದಿವೆ, ಗಾಡಿ ಬೇರೆ ಕಡೆ ಹೋಗುತ್ತದೆ. ದೇವಮಣಿ ಹೇಳಿದ್ದು ಸರಿಯಾಗಿಯೇ ಇತ್ತು.

ದೇಸಾಯಿ ಪೂರ್ತಿ ಕೇಳಿದರು. ಅವರಿಗೆ ಅರ್ಥವಾಗದೆ ಇರಲಿಲ್ಲ, ಅರ್ಥವಾದದ್ದಕ್ಕೇ ಅವರ ಮುಖ ಸಣ್ಣದಾಯಿತು.

“ಮೇಡಂ, ಚಾಪಿ ಅನ್ನೂದು ಸೇರಿಸಿದ್ರ ಅದು ಚಾಪಿ ಎಣಸಾಕ ಶುರು ಮಾಡ್ತದ. ಬರೇ ಇಲ್ಲಿ ಅಲ್ಲ, ಎಲ್ಲಾ ಕಡೆ. ನೆಲದ ಮ್ಯಾಲ ಒಬ್ಬ ರೋಗಿನೂ ಇಲ್ಲ ಅಂತ ಸದನದಾಗ ಹೇಳ್ಯಾರ. ನಾಳೆ ಯಾರರ ಕೇಳ್ತಾರ: ಮಷೀನು ಸುಳ್ಳಾ, ಸದನ ಸುಳ್ಳಾ? ಆಗ ಏನ್ ಹೇಳ್ಲಿ?”

“ನಿಜ ಹೇಳಿ ಸರ್.”

“ಯಾವ್ದು?” ಎಂದರು ದೇಸಾಯಿ. ಅದು ತಮಾಷೆಯಾಗಿರಲಿಲ್ಲ. ಬಹಳ ವರ್ಷಗಳಿಂದ ಎರಡು ಲೆಕ್ಕಗಳ ನಡುವೆ ಬದುಕಿದ ಮನುಷ್ಯನಿಗೆ ನಿಜವಾಗಿಯೂ ಆ ಅನುಮಾನವಿತ್ತು.

ಕೊನೆಗೆ ಅವರೇ ಒಂದು ದಾರಿ ಹುಡುಕಿದರು. ಯಾರ ಮೇಲೂ ತಪ್ಪು ಬೇಡ, ಆಡುಮಾತಿನ ಗೊಂದಲ ಎಂದು ಬಿಡೋಣ. ಇನ್ನು ಮುಂದೆ ವಾರ್ಡಿನಲ್ಲಿ ಖಾಲಿ ಎನ್ನಬಾರದು. ‘ಹಾಸಿಗೆ ಲಭ್ಯವಿದೆ’, ‘ಹಾಸಿಗೆ ಲಭ್ಯವಿಲ್ಲ’, ಇವೆರಡೇ ಮಾತು. ಸೋಮವಾರ ಆಲಿಕೆಯನ್ನು ಮತ್ತೆ ಚಾಲೂ ಮಾಡುವ ಸಮಾರಂಭ. ಹೊಸ ಮಾತನ್ನು ಮೊದಲು ಆಡುವವಳು ದೇವಮಣಿಯೇ ಆಗಲಿ, ಅದೇ ಗಳಿಗೆಗೆ ಆಕೆಯ ಅಮಾನತು ರದ್ದು, ಮನೆಯೂ ಉಳಿಯುತ್ತದೆ. ಧಾತ್ರಿ ಕಾಗದಗಳನ್ನು ಎತ್ತಿಕೊಂಡು ಅತಿಥಿಗೃಹಕ್ಕೆ ನಡೆದಳು. ದೇವಮಣಿಗೆ ಕೆಲಸ ಸಿಗುತ್ತದೆ, ಯಂತ್ರವೂ ಉಳಿಯುತ್ತದೆ, ಎಂದುಕೊಳ್ಳುತ್ತ ಆ ರಾತ್ರಿ ಮಲಗಿದಳು. ಚಾಪೆಯ ವಿಷಯವನ್ನು ಆಮೇಲೆ ನೋಡಿಕೊಳ್ಳಬಹುದು ಎಂದೂ ಅಂದುಕೊಂಡಳು.

ಸೋಮವಾರ ವಾರ್ಡು ಗುರುತು ಸಿಗದ ಹಾಗಿತ್ತು. ನೆಲ ಬರಿದು, ಒರೆಸಿ ಹೊಳೆಯುತ್ತಿತ್ತು. ಕಿಟಕಿಯ ಕಡೆಯ ಸಾಲಿನಲ್ಲಿ ಹನ್ನೆರಡು ಹಾಸಿಗೆಗಳ ಮೇಲೆ ಇಸ್ತ್ರಿ ಮಾಡಿದ ಬಿಳಿ ಚಾದರ, ಒಂದರ ಮೇಲೂ ಮನುಷ್ಯನಿಲ್ಲ. ಪತ್ರಿಕೆಯವರು ಬಂದಿದ್ದರು. ಜಿಲ್ಲೆಯ ದೊಡ್ಡವರೆಲ್ಲ ಬಾಗಿಲ ಬಳಿ ನಿಂತಿದ್ದರು. ಗುಂಪಿನ ಹಿಂದೆ ತಿಪ್ಪವ್ವನೂ ಹೇಗೋ ಒಳಗೆ ಬಂದು ನಿಂತಿದ್ದಳು. ಗೇಟಿನವನು ಆಕೆಯನ್ನು ತಡೆದಿರಲಿಲ್ಲ.

ದೇವಮಣಿ ಬಿಳಿ ಸಮವಸ್ತ್ರ ತೊಟ್ಟು ಬಂದಳು. ಮುಂದಿನ ಬಾಗಿಲಿನಿಂದ ಅಲ್ಲ, ಅಭ್ಯಾಸದಂತೆ ಹಿಂದಿನಿಂದ. ಹಿಂದಿನ ಪಡಸಾಲೆಯಲ್ಲಿ, ಒಗೆದು ಒಣಹಾಕಿದ ಚಾದರಗಳ ಮರೆಯಲ್ಲಿ ಚಾಪೆಗಳನ್ನು ಹಾಸಿದ್ದರು. ಆ ಹನ್ನೆರಡು ಹಾಸಿಗೆಯವರೂ, ನಿನ್ನೆಯವರೆಗೆ ವಾರ್ಡಿನ ನೆಲದ ಮೇಲಿದ್ದವರೂ ಅಲ್ಲಿದ್ದರು. ಕಾರ್ಯಕ್ರಮ ಮುಗಿಯುವ ತನಕ ಕೆಮ್ಮಬೇಡಿ ಎಂದು ಅವರಿಗೆ ಹೇಳಿದ್ದರು. ಒಬ್ಬ ಮುದುಕ ಬಾಯಿಗೆ ಪಂಚೆ ಒತ್ತಿಕೊಂಡು ಕಣ್ಣು ಮುಚ್ಚಿದ್ದ. ಸಿದ್ದಮ್ಮ ದೇವಮಣಿಯ ಮುಖ ನೋಡದೆ ಪಕ್ಕಕ್ಕೆ ಸರಿದಳು.

ದೇವಮಣಿ ವಾರ್ಡಿಗೆ ಬಂದು, ಅಂದು ನಿಂತಿದ್ದ ಜಾಗದಲ್ಲೇ ನಿಂತಳು. ದೇಸಾಯಿ ಹೊಸ ವ್ಯವಸ್ಥೆಯ ಬಗ್ಗೆ ನಾಲ್ಕು ಮಾತಾಡಿ, ಆಕೆಯ ಕಡೆ ತಿರುಗಿ, ಹೇಳ್ರಿ ಸಿಸ್ಟರ್ ಎಂದರು. ಎಲ್ಲರೂ ಚಾವಣಿ ನೋಡಿದರು. ದೀಪ ಕಾಯುತ್ತಿತ್ತು. ಎಲ್ಲೋ ದೂರದಲ್ಲಿ ಆಂಬುಲೆನ್ಸ್‌ಗಳ ಪರದೆಗಳೂ ಕಾಯುತ್ತಿದ್ದವು.

ದೇವಮಣಿ ಚಾವಣಿ ನೋಡಲಿಲ್ಲ. ತಿಪ್ಪವ್ವನನ್ನು ನೋಡುತ್ತಿದ್ದಳು. ಒಳಗೆ ಹಾಸಿಗೆ ಇದ್ದವೋ ಇರಲಿಲ್ಲವೋ ಎಂದು ತಿಂಗಳಿಂದ ಕೇಳುತ್ತಿದ್ದ ಹೆಂಗಸು ಆ ಹನ್ನೆರಡು ಬಿಳಿ ಹಾಸಿಗೆಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಅವಳ ಮುಖದ ಮೇಲೆ ಎಂಥದೋ ಗೊತ್ತಾದವರ ಹಾಗೆ ಒಂದು ನೆರಳು ಮೂಡುತ್ತಿತ್ತು, ಇದ್ದವು, ನನ್ನ ಮಗನಿಗೆ ಕೊಡಲಿಲ್ಲ ಎಂಬ ನೆರಳು.

“ಹನ್ನೆರಡು ಹಾಸಿಗೆ ಲಭ್ಯವಿವೆ,” ಎಂದು ದೇಸಾಯಿ ಚಾವಣಿಗೆ ಕೇಳದಷ್ಟು ಮೆಲ್ಲಗೆ ಮಾತು ಎತ್ತಿಕೊಟ್ಟರು. “ಅಷ್ಟ ಅನ್ರಿ ಸಾಕು.”

“ಅನ್ನಂಗಿಲ್ರಿ,” ಎಂದಳು ದೇವಮಣಿ.

ದೇಸಾಯಿ ಹತ್ತಿರ ಬಂದು, ಮೂರೇ ಮಾತು, ನಿಮ್ಮ ಒಳ್ಳೇದಕ್ಕ ಹೇಳಾಕತ್ತೀನಿ ಎಂದು ಪಿಸುಗುಟ್ಟಿದರು. ಧಾತ್ರಿಗೆ ತಾನು ಏನಾದರೂ ಹೇಳಬೇಕೆನ್ನಿಸಿತು. ಯಾವ ಪದದಲ್ಲಿ ಹೇಳಬೇಕೋ ತಿಳಿಯದೆ ಆಕೆ ಬಿಲ್ಲೆಯನ್ನೇ ನೋಡುತ್ತ ನಿಂತಳು.

“ಇದರ ಮಂದಿ ಹಿಂದ ಪಡಸಾಲ್ಯಾಗ ಚಾಪಿ ಮ್ಯಾಲ ಅದಾರ,” ಎಂದಳು ದೇವಮಣಿ, ಬಿಳಿ ಚಾದರಗಳ ಕಡೆ ಕೈ ತೋರಿಸಿ, ಈಗ ಎಲ್ಲರಿಗೂ ಕೇಳುವ ಹಾಗೆ, ಆದರೆ ತಿಪ್ಪವ್ವನಿಗೇ. “ಅವತ್ತೂ ಇದ್ದಿಲ್ಲವ್ವ. ಇವತ್ತೂ ಇಲ್ಲ.”

ಆ ಮಾತಿನಲ್ಲಿ ಆಲಿಕೆಗೆ ಗೊತ್ತಿದ್ದ ಪದ ಒಂದೂ ಇರಲಿಲ್ಲ. ದೀಪ ಮಿಟುಕಲಿಲ್ಲ. ಹಿಂದಿನ ಪಡಸಾಲೆಯಿಂದ ಯಾರೋ ತಡೆಯಲಾರದೆ ಕೆಮ್ಮಿದರು.

ದೇಸಾಯಿ ಗಂಟಲು ಸರಿಮಾಡಿಕೊಂಡು, ಇನ್ನೊಂದು ಸಲ ಹೇಳ್ರಿ ಸಿಸ್ಟರ್, ಸರಿಯಾಗಿ ಹೇಳ್ರಿ ಎಂದರು.

“ಅನ್ನಂಗಿಲ್ಲ.”